ಆರೋಗ್ಯರಕ್ಷಣೆಗೆ ಖಾಸಗಿ ವಿಮೆಯು ಅವಶ್ಯವೇ? — ಒಂದು ಚಾರಿತ್ರಿಕ ವಿಚಾರ

ಈ ಮಹೋತ್ಸವದ ಸ್ಮರಣಸಂಪುಟಕ್ಕೆ ಚರಿತ್ರೆಗೆ ಸಂಬಂಧಪಟ್ಟ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಶಾಸನಗಳ ವಿಷಯವನ್ನಾಗಲಿ ತಾಳೆಗರಿಯ ಪ್ರತಿಗಳ ವಿಷಯವನ್ನಾಗಲಿ ಬರೆಯುವುದು ಈ ಲೇಖಕನಿಗೆ ಸಹಜವಾಗಿದ್ದಿತು. ಆದರೆ ಕಳೆದ ಜಾತ್ರೆಯ ಕಾಲದಲ್ಲಿ ನಡೆದ ಒಂದು ಅಲ್ಪ ಪ್ರಸಂಗವು ಮನಸ್ಸನ್ನು ಬೇರೆ ಕಡೆಗೆ ತಿರುಗಿಸಿತು.

ಮಠದ ಶಿಷ್ಯರಾದ ವೃದ್ಧ ರೈತರೊಬ್ಬರು ಪಾಠಶಾಲೆಯ ಜಗುಲಿಗೆ ಬಂದು, ಚೀಲದೊಳಗಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಕೈಯಲ್ಲಿಟ್ಟರು. ಅದು ವಿಮಾ ಕಂಪನಿಯೊಂದರ ಆರೋಗ್ಯ ಪಾಲಿಸಿಯ ವಿವರಪತ್ರವಾಗಿದ್ದಿತು. "ಒಂದೂವರೆ ಎಕರೆ ಮಾರಿ ಮನೆಯವಳ ಶಸ್ತ್ರಚಿಕಿತ್ಸೆ ಮಾಡಿಸಿದೆನು. ಉಳಿದದ್ದು ಎರಡು ಎಕರೆ. ಅದು ಉಳಿಯಬೇಕಾದರೆ ಇದನ್ನು ಕೊಳ್ಳಲೇಬೇಕೆಂದು ಏಜೆಂಟರು ಹೇಳುತ್ತಾರೆ. ಮಗನಿಗೆ ಹೇಳಿದ ಕಂತಿಗಿಂತ ನನಗೆ ಹೇಳಿದ್ದು ಹಲವು ಪಟ್ಟು ಹೆಚ್ಚು. ಇದಲ್ಲದೆ ಬೇರೆ ದಾರಿಯೇ ಇಲ್ಲವೇ, ಶಾಸ್ತ್ರಿಗಳೇ?" ಎಂದು ಕೇಳಿದರು. ಆ ದಿನ ನನಗೆ ತಕ್ಕ ಉತ್ತರವು ತೋಚಲಿಲ್ಲ. ವ್ಯಾಕರಣ ಸೂತ್ರಗಳನ್ನು ಬಲ್ಲವನು ಲೋಕವ್ಯವಹಾರದಲ್ಲಿ ಮೂಕನಾಗುವುದು ಲಜ್ಜೆಯ ಸಂಗತಿಯೆಂದೆಣಿಸಿ, ಅಂದಿನಿಂದ ಈ ವಿಷಯದ ಚರಿತ್ರೆಯನ್ನು ಶಕ್ತ್ಯನುಸಾರ ಓದಿ ನೋಡಿದೆನು. ಆ ಓದಿನ ಸಾರವೇ ಈ ಲೇಖನವು.

ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು. ವಿಮೆಯೆಂಬ ಒಂದೇ ಮಾತಿನಲ್ಲಿ ಎರಡು ಸಂಗತಿಗಳು ಬೆರೆತುಕೊಂಡಿರುತ್ತವೆ. ರೋಗವು ಯಾರಿಗೆ ಎಂದು ಬರುವುದೆಂಬುದು ತಿಳಿಯದು. ಬಂದಾಗ ಆಗುವ ವೆಚ್ಚವು ಒಂದು ಮನೆಯ ಶಕ್ತಿಗೆ ಮೀರಿದುದು. ಆದುದರಿಂದ ಅನೇಕರು ಆರೋಗ್ಯವಾಗಿರುವಾಗಲೇ ಅಲ್ಪಸ್ವಲ್ಪ ವಂತಿಗೆಯನ್ನು ಕೂಡಿಸಿಟ್ಟು, ಬಿದ್ದವನನ್ನು ಅದರಿಂದ ಎತ್ತುವುದು ಮೊದಲನೆಯ ಸಂಗತಿ. ಈ ಕೂಡಿಕೆಯನ್ನು ಲಾಭಾಪೇಕ್ಷೆಯುಳ್ಳ ಕಂಪನಿಯೊಂದು ವ್ಯಾಪಾರವಾಗಿ ನಡೆಸುವುದು ಎರಡನೆಯದು. ಮೊದಲನೆಯದು ಅವಶ್ಯವೆಂಬುದರಲ್ಲಿ ವಿವಾದವಿಲ್ಲ. ಮಾರಿಹೋದ ಆ ಒಂದೂವರೆ ಎಕರೆಯೇ ಅದಕ್ಕೆ ಸಾಕ್ಷಿ. ಎರಡನೆಯದೂ ಅವಶ್ಯವೇ ಎಂಬುದಷ್ಟೇ ವಿಚಾರಾರ್ಹವಾದ ಪ್ರಶ್ನೆಯು. ಇದಕ್ಕೆ ತರ್ಕಕ್ಕಿಂತಲೂ ಚರಿತ್ರೆಯೇ ಉತ್ತಮ ಪ್ರಮಾಣವು.

ಯೂರೋಪಿನಲ್ಲಿ ಗಣಿಯ ಕೆಲಸಗಾರರೂ ಕುಶಲಕರ್ಮಿಗಳ ಶ್ರೇಣಿಗಳೂ ಬಹುಕಾಲದಿಂದ ತಮ್ಮೊಳಗೆ ರೋಗನಿಧಿಗಳನ್ನು ಇಟ್ಟುಕೊಂಡಿದ್ದರು. ಈ ಹಳೆಯ ರೂಢಿಗೆ ರಾಜ್ಯಶಾಸನದ ಬಲವನ್ನು ಮೊದಲು ಕೊಟ್ಟ ದೊಡ್ಡ ದೇಶವು ಜರ್ಮನಿ. ಅಲ್ಲಿಯ ಮಹಾಮಂತ್ರಿಯಾದ ಬಿಸ್ಮಾರ್ಕನ ಕಾಲದಲ್ಲಿ, 1883ನೆಯ ಇಸವಿಯಲ್ಲಿ, ಕಾರ್ಮಿಕರ ರೋಗವಿಮಾ ಶಾಸನವು ಅಂಗೀಕೃತವಾಯಿತು. ವಂತಿಗೆಯ ಮೂರು ಪಾಲಿನಲ್ಲಿ ಎರಡು ಪಾಲನ್ನು ಕಾರ್ಮಿಕನೂ ಒಂದು ಪಾಲನ್ನು ಯಜಮಾನನೂ ಕೊಡಬೇಕು. ರೋಗಿಗೆ ವೈದ್ಯನೂ ಔಷಧವೂ ಉಚಿತವಾಗಿ ದೊರೆಯುವುದಲ್ಲದೆ, 13 ವಾರಗಳವರೆಗೆ ಅರ್ಧ ಕೂಲಿಯೂ ಸಲ್ಲಬೇಕು ಎಂಬುದು ಅದರ ಏರ್ಪಾಡು. ಬಿಸ್ಮಾರ್ಕನು ದಯಾಳುವಾಗಿ ಇದನ್ನು ಮಾಡಿದನೆಂದು ಹೇಳಲಾಗದು. ಸಮಾಜವಾದಿ ಪಕ್ಷವನ್ನು 1878ರಲ್ಲಿ ಶಾಸನದಿಂದ ಅಡಗಿಸಲೆತ್ನಿಸಿದ ಆತನು, ಕಾರ್ಮಿಕರ ಮನಸ್ಸನ್ನು ರಾಜ್ಯದ ಕಡೆಗೆ ಒಲಿಸಿಕೊಳ್ಳುವ ಉಪಾಯವಾಗಿ ಇದನ್ನು ಕೈಕೊಂಡನು. ಉದ್ದೇಶವು ಏನೇ ಇರಲಿ, ಫಲವು ಮಾತ್ರ ನಿಂತಿತು. ಆ ನಿಧಿಗಳು ಕಂಪನಿಗಳ ಸೊತ್ತಾಗಿರದೆ ಸದಸ್ಯರೂ ಯಜಮಾನರೂ ಸೇರಿ ನಡೆಸುವ ಸಂಸ್ಥೆಗಳಾಗಿದ್ದವು. ಎರಡು ಮಹಾಯುದ್ಧಗಳನ್ನು ದಾಟಿ, ರೂಪಾಂತರಗಳನ್ನು ಹೊಂದಿ, ಇಂದಿಗೂ ಅಲ್ಲಿಯ ಬಹುಸಂಖ್ಯಾತ ಜನರ ಚಿಕಿತ್ಸೆಯನ್ನು ಅಂತಹ ನಿಧಿಗಳೇ ನಿರ್ವಹಿಸುತ್ತಿರುವುವು.

ಇದನ್ನು ಕಂಡು ಕಲಿತವರಲ್ಲಿ ಇಂಗ್ಲೆಂಡಿನವರು ಮುಖ್ಯರು. ಅಲ್ಲಿಯ ಅರ್ಥಮಂತ್ರಿಯಾಗಿದ್ದ ಲಾಯ್ಡ್ ಜಾರ್ಜನು 1911ರಲ್ಲಿ ರಾಷ್ಟ್ರೀಯ ವಿಮಾ ಶಾಸನವನ್ನು ತಂದನು. ವಾರಕ್ಕೆ ಕಾರ್ಮಿಕನಿಂದ 4 ಪೆನ್ನಿ, ಯಜಮಾನನಿಂದ 3 ಪೆನ್ನಿ, ಸರಕಾರದಿಂದ 2 ಪೆನ್ನಿ, ಹೀಗೆ 9 ಪೆನ್ನಿಗಳು ಒಟ್ಟುಗೂಡುತ್ತಿದ್ದವು. ಈ ಏರ್ಪಾಡಿನ ಆಡಳಿತವನ್ನು ಕಾರ್ಮಿಕರ ಪರಸ್ಪರ ಸಹಾಯಕ ಸಂಘಗಳಿಗೆ ಮಾತ್ರವಲ್ಲದೆ ದೊಡ್ಡ ವಿಮಾ ಕಂಪನಿಗಳು ಸ್ಥಾಪಿಸಿದ ಅಂಗಸಂಸ್ಥೆಗಳಿಗೂ ವಹಿಸಿಕೊಡಲಾಯಿತು. ಕಾರ್ಮಿಕನಿಗೆ ವೈದ್ಯನು ದೊರೆತನು. ಆದರೆ ಅವನ ಹೆಂಡತಿಗೂ ಮಕ್ಕಳಿಗೂ ದೊರೆಯಲಿಲ್ಲ. ಕ್ಷಯರೋಗಿಗಳ ಆರೋಗ್ಯಧಾಮದ ಹೊರತು ಆಸ್ಪತ್ರೆಯ ವಾಸಕ್ಕೆ ಅದರಲ್ಲಿ ಎಡೆಯಿರಲಿಲ್ಲ. ಕೂಲಿಯನ್ನು ತರುವ ದೇಹಕ್ಕೆ ರಕ್ಷೆಯುಂಟು, ಆ ದೇಹಕ್ಕೆ ಅನ್ನವಿಕ್ಕುವ ಕೈಗೆ ರಕ್ಷೆಯಿಲ್ಲವೆಂಬ ಈ ವಿಪರೀತವು 30 ವರ್ಷಗಳಿಗೂ ಮಿಕ್ಕು ನಡೆಯಿತು.

ಈ ಕೊರತೆಯನ್ನು ತುಂಬುವ ಮಾದರಿಯು ವೇಲ್ಸ್ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ ಅದಾಗಲೇ ಇದ್ದಿತು. ಟ್ರೆಡೀಗರ್ ಎಂಬ ಆ ಊರು ಕಬ್ಬಿಣದ ಕಾರ್ಖಾನೆ ಮತ್ತು ಕಲ್ಲಿದ್ದಲ ಗಣಿಗಳ ಸ್ಥಳ. ಅಲ್ಲಿಯ ಕೆಲಸಗಾರರು 1890ರಲ್ಲಿ ವೈದ್ಯಸಹಾಯಕ ಸಂಘವೊಂದನ್ನು ಕಟ್ಟಿಕೊಂಡು, ತಮ್ಮ ಕೂಲಿಯ ಪ್ರತಿ ಪೌಂಡಿಗೆ ಕೆಲವು ಪೆನ್ನಿಗಳಂತೆ ವಂತಿಗೆ ಹಾಕುತ್ತ ಬಂದರು. ಹೆಚ್ಚು ಕೂಲಿಯವನು ಹೆಚ್ಚು ಕೊಡುವನು, ಕಡಮೆ ಕೂಲಿಯವನು ಕಡಮೆ ಕೊಡುವನು. ಚಿಕಿತ್ಸೆ ಮಾತ್ರ ಎಲ್ಲರಿಗೂ, ಅವರ ಮನೆಮಂದಿಗೂ ಸಮಾನ. ಸಂಘವೇ ವೈದ್ಯರನ್ನು ನೇಮಿಸಿಕೊಂಡಿತು. ಉಚ್ಛ್ರಾಯಕಾಲದಲ್ಲಿ ಊರಿನ ನೂರು ಮಂದಿಯಲ್ಲಿ ಸುಮಾರು 95 ಮಂದಿ ಅದರ ಆಶ್ರಯಕ್ಕೆ ಸೇರಿದ್ದರು. ಲಾಭ ಪಡೆಯುವ ಮಧ್ಯಸ್ಥನು ಅಲ್ಲಿ ಒಬ್ಬನೂ ಇರಲಿಲ್ಲ.

ಇದೇ ಊರಿನಲ್ಲಿ 1897ರಲ್ಲಿ ಗಣಿಗಾರನೊಬ್ಬನ ಮಗನಾಗಿ ಹುಟ್ಟಿ, 13ನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು ಗಣಿಗಿಳಿದವನು ಅನ್ಯೂರಿನ್ ಬೆವಾನ್. ಗಣಿಯ ಧೂಳಿನಿಂದುಂಟಾದ ಶ್ವಾಸಕೋಶದ ರೋಗದಿಂದ ಆತನ ತಂದೆಯು 1925ರಲ್ಲಿ ಮಗನ ತೋಳಿನಲ್ಲಿಯೇ ಪ್ರಾಣ ಬಿಟ್ಟನು. ಮುಂದೆ ಊರಿನ ಆಸ್ಪತ್ರೆಯ ಆಡಳಿತ ಸಮಿತಿಯಲ್ಲಿ ದುಡಿದು ಅನುಭವವನ್ನು ಪಡೆದ ಬೆವಾನನು 1945ರಲ್ಲಿ ಬ್ರಿಟನ್ನಿನ ಆರೋಗ್ಯಮಂತ್ರಿಯಾದನು. ಯುದ್ಧದ ನಡುವೆಯೇ, 1942ರ ಡಿಸೆಂಬರಿನಲ್ಲಿ, ವಿಲಿಯಂ ಬೆವರಿಜನು ಒಪ್ಪಿಸಿದ ವರದಿಯು ಸರ್ವರಿಗೂ ಆರೋಗ್ಯಸೇವೆಯು ಇರಬೇಕೆಂಬ ಅಭಿಪ್ರಾಯವನ್ನು ದೇಶದಲ್ಲಿ ಬೇರೂರಿಸಿದ್ದಿತು. ಬೆವಾನನು ವೈದ್ಯಮಂಡಲಿಯ ಪ್ರಬಲ ವಿರೋಧವನ್ನು ಎದುರಿಸಿ, 1946ರಲ್ಲಿ ಶಾಸನವನ್ನು ಮಾಡಿಸಿ, 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದನು. ಅದರ ವೆಚ್ಚದ ಬಹುಭಾಗವು ಸಾಮಾನ್ಯ ತೆರಿಗೆಯ ಬೊಕ್ಕಸದಿಂದ ಬರುವುದು. ಚಿಕಿತ್ಸೆಯ ಹೊತ್ತಿನಲ್ಲಿ ರೋಗಿಯ ಕೈಯಿಂದ ಹಣವನ್ನು ಕೇಳಬಾರದೆಂಬುದೇ ಅದರ ಮೂಲಸೂತ್ರವು. ಕನ್ನಡಕ, ಕಟ್ಟುಹಲ್ಲುಗಳಿಗೆ ಶುಲ್ಕ ಹಾಕಬೇಕೆಂದು ತನ್ನ ಸರಕಾರವೇ ನಿರ್ಧರಿಸಿದಾಗ, ಸೂತ್ರಭಂಗವಾಯಿತೆಂದು ಬೆವಾನನು 1951ರಲ್ಲಿ ಮಂತ್ರಿಪದವಿಯನ್ನು ತ್ಯಜಿಸಿದನು.

ಇಷ್ಟರಿಂದಲೇ ಖಾಸಗಿ ವಿಮೆಯಿಲ್ಲದೆ ಒಂದು ಮಹಾಜನಾಂಗಕ್ಕೆ ಚಿಕಿತ್ಸೆಯನ್ನು ಒದಗಿಸುವುದು ಸಾಧ್ಯವೆಂಬುದು ಸಿದ್ಧವಾಗುವುದು. ಆದರೆ ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತವನ್ನು ಹೇಳುವುದು ನಮ್ಮ ಪಾಠಶಾಲೆಗಳ ಕ್ರಮವಲ್ಲ. ಖಾಸಗಿ ವಿಮೆಯನ್ನೇ ಮುಖ್ಯಾಧಾರವಾಗಿ ಮಾಡಿಕೊಂಡ ದೊಡ್ಡ ದೇಶವು ಅಮೆರಿಕ. ಅಲ್ಲಿಯ ವೃತ್ತಾಂತವನ್ನೂ ನೋಡೋಣ.

ಅಲ್ಲಿಯ ಆರಂಭವೂ ವ್ಯಾಪಾರದಿಂದ ಆದುದಲ್ಲವೆಂಬುದು ಕುತೂಹಲಕರವಾದ ಸಂಗತಿ. ಟೆಕ್ಸಾಸ್ ಸಂಸ್ಥಾನದ ಡಲ್ಲಾಸ್ ನಗರದ ಬೇಲರ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, 1929ರಲ್ಲಿ, ಜಸ್ಟಿನ್ ಫೋರ್ಡ್ ಕಿಂಬಲ್ ಎಂಬವರು ಶಾಲೆಯ ಉಪಾಧ್ಯಾಯರಿಗಾಗಿ ಒಂದು ಏರ್ಪಾಡನ್ನು ಮಾಡಿದರು. ತಿಂಗಳಿಗೆ ಅರ್ಧ ಡಾಲರನ್ನು ಕೊಡುತ್ತಿದ್ದರೆ ವರ್ಷಕ್ಕೆ 21 ದಿನಗಳ ಆಸ್ಪತ್ರೆಯ ವಾಸವು ಸಲ್ಲುತ್ತಿದ್ದಿತು. ಇಂತಹ ಯೋಜನೆಗಳು ಬೆಳೆದು ನೀಲಿ ಶಿಲುಬೆಯ ಹೆಸರಿನಲ್ಲಿ ದೇಶವ್ಯಾಪಿಯಾದವು. ಮೊದಮೊದಲು ಎಳೆಯರಿಗೂ ಮುದುಕರಿಗೂ ಒಂದೇ ಕಂತನ್ನು ಅವು ಗೊತ್ತುಮಾಡಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಸರಕಾರವು ಕೂಲಿಯ ಏರಿಕೆಯನ್ನು ತಡೆಯಲು, ಕೆಲಸಗಾರರನ್ನು ಸೆಳೆದುಕೊಳ್ಳುವುದಕ್ಕಾಗಿ ಯಜಮಾನರು ಕೂಲಿಗೆ ಬದಲಾಗಿ ವಿಮೆಯನ್ನು ಕೊಡತೊಡಗಿದರು. 1954ರ ತೆರಿಗೆಯ ಶಾಸನವು ಆ ಸೌಲಭ್ಯಕ್ಕೆ ವಿನಾಯಿತಿಯನ್ನು ಸ್ಥಿರಗೊಳಿಸಿತು. ಹೀಗೆ ಚಿಕಿತ್ಸೆಯು ಉದ್ಯೋಗಕ್ಕೆ ಗಂಟುಬಿದ್ದಿತು. ಉದ್ಯೋಗವು ಹೋದರೆ ರಕ್ಷೆಯೂ ಹೋಗುವಂತಾಯಿತು.

ಆಗ ವ್ಯಾಪಾರೀ ಕಂಪನಿಗಳು ಕ್ಷೇತ್ರಕ್ಕೆ ಇಳಿದವು. ಯುವಕರೂ ದೃಢಕಾಯರೂ ಆದವರಿಗೆ ಕಡಮೆ ಕಂತನ್ನು ಹೇಳಿ ಅವರನ್ನು ತಮ್ಮ ಕಡೆಗೆ ಸೆಳೆದುಕೊಂಡವು. ಆರೋಗ್ಯವಂತರು ಹೊರಟುಹೋದ ಮೇಲೆ ಹಳೆಯ ನಿಧಿಯಲ್ಲಿ ಉಳಿದವರು ಮುದುಕರೂ ರೋಗಿಗಳೂ. ಅವರ ವೆಚ್ಚವು ಏರಿತು, ಅದರೊಡನೆ ಕಂತೂ ಏರಿತು. ನಮ್ಮ ರೈತರು ಕೇಳಿದ ಪ್ರಶ್ನೆಯ ಬೀಜವು ಇಲ್ಲಿರುವುದು. ಲಾಭವನ್ನು ನೋಡಬೇಕಾದ ಕಂಪನಿಯು ಅಪಾಯಕ್ಕೆ ತಕ್ಕಂತೆ ಬೆಲೆ ಕಟ್ಟಲೇಬೇಕು. ಇಲ್ಲವಾದರೆ ಎದುರಾಳಿಯು ಅದನ್ನು ಸೋಲಿಸುವನು. ಇದರಲ್ಲಿ ದುಷ್ಟತನವನ್ನು ಆರೋಪಿಸಬೇಕಾದುದಿಲ್ಲ, ಇದು ವ್ಯಾಪಾರದ ಗಣಿತವು. ಆದರೆ ಈ ಗಣಿತದಿಂದ ಹೊರಡುವ ಫಲವೇನೆಂದರೆ, ಯಾರಿಗೆ ಚಿಕಿತ್ಸೆಯು ಅತ್ಯವಶ್ಯವೋ ಅವರಿಗೇ ವಿಮೆಯು ಅತಿ ದುಬಾರಿಯಾಗುವುದು ಅಥವಾ ದೊರೆಯದೆಯೇ ಹೋಗುವುದು.

1960ರ ಸುಮಾರಿಗೆ ಅಮೆರಿಕದ ವೃದ್ಧರಲ್ಲಿ ಹೆಚ್ಚುಕಡಮೆ ಅರ್ಧ ಮಂದಿಗೆ ಆಸ್ಪತ್ರೆಯ ವಿಮೆಯಿರಲಿಲ್ಲ. ಕೊನೆಗೆ 1965ರಲ್ಲಿ ವೃದ್ಧರಿಗಾಗಿ ಮೆಡಿಕೇರ್, ಬಡವರಿಗಾಗಿ ಮೆಡಿಕೈಡ್ ಎಂಬ ಎರಡು ಏರ್ಪಾಡುಗಳನ್ನು ಸರಕಾರವೇ ಮಾಡಬೇಕಾಯಿತು. ಹಳೆಯ ರೋಗವಿದ್ದವರನ್ನು ಕಂಪನಿಗಳು ನಿರಾಕರಿಸಬಾರದೆಂದು ವಿಧಿಸುವುದಕ್ಕೆ 2010ರಲ್ಲಿ ಇನ್ನೊಂದು ಶಾಸನವು ಬೇಕಾಯಿತು. ಇಷ್ಟಾದರೂ 2023ರಲ್ಲಿ ಆ ಶ್ರೀಮಂತ ದೇಶದಲ್ಲಿ ಸುಮಾರು 2.6 ಕೋಟಿ ಜನರು ವಿಮೆಯಿಲ್ಲದೆ ಇದ್ದರು. ರಾಷ್ಟ್ರದ ಉತ್ಪನ್ನದಲ್ಲಿ ನೂರಕ್ಕೆ 17ಕ್ಕೂ ಮಿಕ್ಕ ಭಾಗವು ಆರೋಗ್ಯಕ್ಕಾಗಿ ವೆಚ್ಚವಾಗುತ್ತಿದ್ದಿತು. ಖಾಸಗಿ ವಿಮೆಯು ಅವಶ್ಯವೆಂದು ನಂಬಿದ ದೇಶದಲ್ಲಿಯೇ ಅದು ಸಾಲದೆಂಬುದು ಹೀಗೆ ಪ್ರಕಟವಾಯಿತು.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕವಾದ ಸಮಿತಿಯು 1946ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಹಣವಿಲ್ಲವೆಂಬ ಕಾರಣದಿಂದ ಯಾರೂ ಚಿಕಿತ್ಸೆಯಿಂದ ವಂಚಿತರಾಗಕೂಡದೆಂಬುದು ಅದರ ಮೊದಲ ತತ್ತ್ವಗಳಲ್ಲೊಂದು. ಅದು ವಿಮೆಯನ್ನು ಆಶ್ರಯಿಸದೆ, ಹಳ್ಳಿಗಳಿಗೆ ಸಮೀಪವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸರಕಾರದ ವೆಚ್ಚದಿಂದ ಸ್ಥಾಪಿಸಬೇಕೆಂದು ಸಲಹೆಯಿತ್ತಿತು. ಕಾರ್ಖಾನೆಯ ಕಾರ್ಮಿಕರಿಗಾಗಿ 1948ರಲ್ಲಿ ರಾಜ್ಯ ವಿಮಾ ಶಾಸನವಾಗಿ, 1952ರ ಫೆಬ್ರವರಿ 24ರಂದು ಕಾನಪುರದಲ್ಲಿ ಪಂಡಿತ ನೆಹರೂ ಅವರಿಂದ ಆ ಯೋಜನೆಯು ಆರಂಭಗೊಂಡಿತು. ಇದಕ್ಕೂ ಬಹು ಮುಂಚೆ, 1891ರಲ್ಲಿಯೇ, ಹಳೆಯ ಮೈಸೂರು ಸಂಸ್ಥಾನವು ತನ್ನ ನೌಕರರ ಜೀವವಿಮೆಯನ್ನು ತಾನೇ ನಡೆಸತೊಡಗಿದ್ದಿತು. ಅದು ರೋಗಕ್ಕೆ ಸಂಬಂಧಪಟ್ಟುದಲ್ಲವಾದರೂ, ವಿಮೆಯೆಂದರೆ ಖಾಸಗಿ ಕಂಪನಿಯೇ ಆಗಬೇಕೆಂಬ ನಿಯಮವಿಲ್ಲವೆಂಬುದಕ್ಕೆ ನಮ್ಮ ಮನೆಯಂಗಳದ ದೃಷ್ಟಾಂತವು.

ಆಸ್ಪತ್ರೆಯ ವೆಚ್ಚಕ್ಕಾಗಿ ಸಾರ್ವಜನಿಕರು ಕೊಳ್ಳಬಹುದಾದ ಮೆಡಿಕ್ಲೇಮ್ ಪಾಲಿಸಿಯು ಭಾರತದಲ್ಲಿ 1986ರಲ್ಲಿ ಬಂದಿತು. ಆಗ ಸಾಮಾನ್ಯ ವಿಮೆಯು ರಾಷ್ಟ್ರೀಕೃತವಾಗಿದ್ದುದರಿಂದ ಅದನ್ನು ಮಾರಿದವುಗಳೂ ಸರಕಾರೀ ಕಂಪನಿಗಳೇ. 1999ರ ಶಾಸನದ ತರುವಾಯ, 2000ದಿಂದ ಈಚೆಗೆ, ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಅನಿವಾರ್ಯವೆಂದು ಇಂದು ಏಜೆಂಟರು ಹೇಳುವ ವಸ್ತುವು ನಮ್ಮಲ್ಲಿ ಕಾಲು ಶತಮಾನದಷ್ಟೇ ಪ್ರಾಚೀನವಾದುದು.

ಆ ಬಾಗಿಲು ತೆರೆದ ಎರಡು ಮೂರು ವರ್ಷಗಳಲ್ಲಿಯೇ ಕರ್ನಾಟಕವು ಬೇರೊಂದು ಮಾರ್ಗವನ್ನು ತೋರಿಸಿತು. ಹೃದ್ರೋಗತಜ್ಞರಾದ ಡಾಕ್ಟರ್ ದೇವಿಪ್ರಸಾದ ಶೆಟ್ಟಿಯವರ ಸಲಹೆಯಿಂದಲೂ ರಾಜ್ಯದ ಸಹಕಾರ ಇಲಾಖೆಯ ಪ್ರಯತ್ನದಿಂದಲೂ 2003ರ ಜೂನ್ 1ರಿಂದ ಯಶಸ್ವಿನಿ ಯೋಜನೆಯು ಕಾರ್ಯಕ್ಕೆ ಬಂದಿತು. ಸಹಕಾರ ಸಂಘದ ಸದಸ್ಯನಾದ ರೈತನು ಆಳೊಬ್ಬರಿಗೆ ವರ್ಷಕ್ಕೆ 60 ರೂಪಾಯಿ, ಎಂದರೆ ತಿಂಗಳಿಗೆ 5 ರೂಪಾಯಿಯಂತೆ, ವಂತಿಗೆ ಕೊಡುವುದು. ಸರಕಾರವು ತನ್ನ ಪಾಲನ್ನು ಸೇರಿಸುವುದು. ಒಪ್ಪಿಕೊಂಡ ಆಸ್ಪತ್ರೆಗಳು ಗೊತ್ತುಮಾಡಿದ ದರದಲ್ಲಿ ಸುಮಾರು 1,600 ಬಗೆಯ ಶಸ್ತ್ರಚಿಕಿತ್ಸೆಗಳನ್ನು ನಡೆಸಿಕೊಡುವುದು. ಮೊದಲನೆಯ ವರ್ಷದಲ್ಲಿಯೇ ಸುಮಾರು 16 ಲಕ್ಷ ಜನರು ಸೇರಿದರು. ಹಣವು ಒಂದು ಟ್ರಸ್ಟಿನಲ್ಲಿ ಇದ್ದಿತಲ್ಲದೆ ಯಾವ ವಿಮಾ ಕಂಪನಿಯ ಕೈಗೂ ಹೋಗಲಿಲ್ಲ. ಹನಿಗೂಡಿ ಹಳ್ಳವಾಗುವುದೆಂಬ ಮಾತು ಅಕ್ಷರಶಃ ಸತ್ಯವಾಯಿತು.

ಕಡುಬಡವರಿಗಾಗಿ ಸರಕಾರವು 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಉತ್ತರ ಕರ್ನಾಟಕದಲ್ಲಿ ಮೊದಲು ಮಾಡಿತು. ಹೃದ್ರೋಗ, ಅರ್ಬುದ ಮೊದಲಾದ ಕಠಿನ ರೋಗಗಳ ಚಿಕಿತ್ಸೆಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟು ಆಸ್ಪತ್ರೆಗಳಿಗೆ ನೇರವಾಗಿ ಹಣ ಕೊಡುತ್ತಿದ್ದಿತು. ರೋಗಿಯಿಂದ ಕಂತೂ ಇಲ್ಲ, ಶುಲ್ಕವೂ ಇಲ್ಲ. ಯೋಜನೆಯು ತಲಪಿದ್ದ ಹಳ್ಳಿಗಳನ್ನೂ ಗಡಿಯಾಚೆಗೆ ಇನ್ನೂ ತಲಪದಿದ್ದ ಹಳ್ಳಿಗಳನ್ನೂ ಹೋಲಿಸಿ ವಿದ್ವಾಂಸರು ನಡೆಸಿದ ಪರೀಕ್ಷೆಯೊಂದು 2014ರಲ್ಲಿ ಬ್ರಿಟನ್ನಿನ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದ ಬಡಕುಟುಂಬಗಳಲ್ಲಿ ಆಗುವ ಮರಣವು, ಯೋಜನೆಯಿದ್ದ ಹಳ್ಳಿಗಳಲ್ಲಿ ನೂರಕ್ಕೆ 64ರಷ್ಟು ಕಡಮೆಯಾಗಿದ್ದುದನ್ನು ಅವರು ಕಂಡರು. 2018ರಿಂದ ಈಚಿನ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯನ್ನೂ ನಮ್ಮ ರಾಜ್ಯದಲ್ಲಿ ಇದೇ ಟ್ರಸ್ಟು ಕಂಪನಿಗಳ ಮಧ್ಯಸ್ಥಿಕೆಯಿಲ್ಲದೆ ನಡೆಸುತ್ತ ಬಂದಿರುವುದು.

ಇಡೀ ದೇಶದ ಲೆಕ್ಕವೂ ಇದಕ್ಕೆ ಅನುಗುಣವಾಗಿರುವುದು. 2013–14ರಲ್ಲಿ ಭಾರತದ ಒಟ್ಟು ಆರೋಗ್ಯವೆಚ್ಚದಲ್ಲಿ ನೂರಕ್ಕೆ 64.2 ಪಾಲು ರೋಗಿಗಳ ಸ್ವಂತ ಕೈಯಿಂದ ಹೋಗುತ್ತಿದ್ದಿತು. 2021–22ರಲ್ಲಿ ಅದು 39.4ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಸರಕಾರದ ಪಾಲು 28.6ರಿಂದ 48.0ಕ್ಕೆ ಏರಿತು. ಖಾಸಗಿ ವಿಮೆಯ ಪಾಲು ಆಗಲೂ ಹತ್ತರಲ್ಲೊಂದನ್ನು ಮುಟ್ಟಿರಲಿಲ್ಲ.

ಇಲ್ಲಿ ಕೆಲವು ಆಕ್ಷೇಪಣೆಗಳು ಬರುವುವು. ಅವುಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಸರಕಾರದ ಸೇವೆಯಲ್ಲಿ ರೋಗಿಯು ಬಹುಕಾಲ ಕಾದಿರಬೇಕೆಂಬುದು ಒಂದು. ಇದು ಸತ್ಯವೇ, ಇಂಗ್ಲೆಂಡಿನಲ್ಲಿ 2023ರಲ್ಲಿ ಚಿಕಿತ್ಸೆಯ ಸರದಿಯ ಪಟ್ಟಿಯು 70 ಲಕ್ಷವನ್ನು ಮೀರಿದ್ದಿತು, ಕಾಯಲಾರದ ಸ್ಥಿತಿವಂತರು ಖಾಸಗಿ ವಿಮೆಯನ್ನು ಕೊಳ್ಳುವುದೂ ಉಂಟು. ಬೊಕ್ಕಸವು ಸಾಕಷ್ಟು ಹಣವನ್ನು ಒದಗಿಸದಿದ್ದರೆ ಉಚಿತವೆಂಬುದು ಬರಿಯ ಹೆಸರಾಗಿ ಉಳಿಯುವುದು. ಸರಕಾರದ ಮನಸ್ಸು ಚಂಚಲವೆಂಬುದು ಎರಡನೆಯದು. ಇದೂ ಸತ್ಯ, ಯಶಸ್ವಿನಿಯೇ 2018ರಲ್ಲಿ ಬೇರೆ ಯೋಜನೆಯಲ್ಲಿ ವಿಲೀನವಾಗಿ ನಿಂತುಹೋಗಿ, 2022ರ ಕೊನೆಯಲ್ಲಿ ಪುನಃ ನೋಂದಣಿಯನ್ನು ಆರಂಭಿಸಿತು. ಸ್ವಿಟ್ಜರ್ಲೆಂಡ್, ಹಾಲೆಂಡ್ ದೇಶಗಳಲ್ಲಿ ಖಾಸಗಿ ವಿಮಾಸಂಸ್ಥೆಗಳೇ ಸರ್ವರಿಗೂ ಚಿಕಿತ್ಸೆಯನ್ನು ಒದಗಿಸುವುವಲ್ಲಾ ಎಂಬುದು ಮೂರನೆಯದು. ಅಲ್ಲಿ ಕ್ರಮವಾಗಿ 1996ರಿಂದಲೂ 2006ರಿಂದಲೂ ಜಾರಿಯಲ್ಲಿರುವ ಶಾಸನಗಳಂತೆ ಪ್ರತಿಯೊಬ್ಬನೂ ವಿಮೆಯನ್ನು ಹೊಂದಿರಲೇಬೇಕು. ಮೂಲ ವಿಮೆಯನ್ನು ಕೇಳಿ ಬಂದ ಯಾರನ್ನೂ ಸಂಸ್ಥೆಯು ನಿರಾಕರಿಸಕೂಡದು. ರೋಗಿಯೆಂದು ಹೆಚ್ಚು ಕಂತನ್ನು ಕೇಳಕೂಡದು. ಬಡವನಿಗೆ ಸರಕಾರವು ನೆರವಾಗಬೇಕು. ಇಷ್ಟು ಕಟ್ಟುಗಳಿಗೆ ಒಳಗಾದ ಮೇಲೆ ಖಾಸಗಿ ಸಂಸ್ಥೆಯೂ ಸಾರ್ವಜನಿಕ ನಿಧಿಯ ಕೆಲಸವನ್ನೇ ಮಾಡುವುದು. ಆ ಗುಣವು ಬಂದುದು ಶಾಸನದಿಂದ.

ಇನ್ನೊಂದು ಮಾತು. ನಿಧಿಯು ಯಾರದೇ ಆಗಲಿ, ಸಮೀಪದಲ್ಲಿ ವೈದ್ಯನಿಲ್ಲದಿದ್ದರೆ ವಿಮೆಯ ಚೀಟಿಯು ಕಾಗದ ಮಾತ್ರವೇ. ಯಶಸ್ವಿನಿಯು ಶಸ್ತ್ರಚಿಕಿತ್ಸೆಗೆ ಒದಗಿತೇ ಹೊರತು ದಿನದಿನದ ಜ್ವರ, ಮಧುಮೇಹ, ರಕ್ತದೊತ್ತಡಗಳ ಔಷಧಕ್ಕೆ ಒದಗಲಿಲ್ಲ. ಭೋರ್ ಸಮಿತಿಯವರು ಚೀಟಿಗಿಂತ ಮೊದಲು ಆರೋಗ್ಯ ಕೇಂದ್ರವನ್ನು ಕೇಳಿದುದರ ಮರ್ಮವು ಇದು.

ಆದುದರಿಂದ ಸಿದ್ಧಾಂತವು ಹೀಗೆ: ರೋಗವು ಬರುವ ಮುಂಚೆ ಅನೇಕರ ಹಣವು ಒಂದೆಡೆ ಕೂಡಿರಬೇಕಾದುದು ಅವಶ್ಯ, ಶಕ್ತಿಯಿದ್ದಷ್ಟು ಕೊಟ್ಟು ಅವಶ್ಯವಿದ್ದಷ್ಟು ಪಡೆಯುವ ನಿಯಮವು ಅವಶ್ಯ, ವೈದ್ಯನೂ ಆಸ್ಪತ್ರೆಯೂ ಕೈಗೆ ಎಟಕುವಂತಿರುವುದು ಅವಶ್ಯ. ಆ ಹಣದ ಪೆಟ್ಟಿಗೆಯು ಖಾಸಗಿ ಕಂಪನಿಯದಾಗಿರಬೇಕೆಂಬುದು ಅವಶ್ಯವಲ್ಲ. ಮೇಲಣ ಮೂರು ಒದಗದಿರುವ ಕಡೆ, ಶಕ್ತಿಯುಳ್ಳವನು ಪಾಲಿಸಿಯನ್ನು ಕೊಂಡರೆ ಅದು ತಪ್ಪಲ್ಲ. ಮಳೆಯಲ್ಲಿ ನಡೆಯುವವನು ಕೊಡೆಯನ್ನು ಹಿಡಿಯಲೇಬೇಕು. ಆದರೆ ಕೊಡೆಯನ್ನು ಕೊಳ್ಳಲಾರದವರ ಸಲುವಾಗಿ ಊರಿಗೊಂದು ಸೂರನ್ನು ಕಟ್ಟುವ ಕೆಲಸವು ಅದರಿಂದ ಮುಗಿದಂತಾಗುವುದಿಲ್ಲ.

ಇಷ್ಟನ್ನು ತಿಳಿದುಕೊಂಡ ಮೇಲೆ ಆ ವೃದ್ಧರನ್ನು ಪುನಃ ಕಂಡು, "ತಾವು ಊರಿನ ಸಹಕಾರ ಸಂಘದ ಸದಸ್ಯರೇ?" ಎಂದು ಕೇಳಿದೆನು. ಬಹು ವರ್ಷಗಳಿಂದ ಸದಸ್ಯರಾಗಿದ್ದರು. ಗೊಬ್ಬರಕ್ಕೂ ಬೆಳೆಸಾಲಕ್ಕೂ ಸಂಘಕ್ಕೆ ಹೋಗುತ್ತಿದ್ದವರು ಯಶಸ್ವಿನಿಯ ಹೆಸರನ್ನು ಕೇಳಿರಲಿಲ್ಲ; ತಮ್ಮ ಪಡಿತರ ಚೀಟಿಯಿಂದ ಸರಕಾರದ ಯೋಜನೆಯಲ್ಲಿ ದೊರೆಯುವ ಚಿಕಿತ್ಸೆಯನ್ನೂ ಅರಿತಿರಲಿಲ್ಲ. ಒಂದೂವರೆ ಎಕರೆ ಭೂಮಿಯು ಹೋದುದು ಬಡತನದಿಂದ ಎಷ್ಟೋ, ಈ ಅಜ್ಞಾನದಿಂದಲೂ ಅಷ್ಟೇ ಎಂದು ಮನಸ್ಸಿಗೆ ವ್ಯಥೆಯಾಯಿತು. ಅದರಲ್ಲಿ ಅವರ ತಪ್ಪಿಗಿಂತ, ಅಕ್ಷರವನ್ನು ಬಲ್ಲ ನಮ್ಮಂತಹವರ ತಪ್ಪೇ ಹೆಚ್ಚಿನದು.

ಆದಕಾರಣ ಸದ್ಭಕ್ತರಲ್ಲಿ ಈ ಲೇಖಕನ ಬಿನ್ನಹವಿಷ್ಟೇ. ಮನೆಗೆ ಹೋದೊಡನೆ ತಮ್ಮ ಊರಿನ ಸಂಘದಲ್ಲಿಯೂ ಆರೋಗ್ಯ ಕೇಂದ್ರದಲ್ಲಿಯೂ ವಿಚಾರಿಸಿ, ತಮಗೆ ಸಲ್ಲಬೇಕಾದುದನ್ನು ಮೊದಲು ತಿಳಿದುಕೊಳ್ಳಬೇಕು. ಓದಬಲ್ಲವರು ಓದಲರಿಯದ ನೆರೆಯವನಿಗೆ ಅದನ್ನು ಓದಿಹೇಳಬೇಕು. ಪಾಲಿಸಿಯನ್ನು ಕೊಳ್ಳುವ ವಿಚಾರವು ಅದರ ತರುವಾಯದ್ದು. ಎಲ್ಲರೂ ನಿರಾಮಯರಾಗಿರಲಿ ಎಂದು ಹಾರೈಸಿ ವಿರಮಿಸುವೆನು.